ಹುಳ ಹಣ್ಣಾದ ದಿನ

ಮಾರ್ಚ್ 25ಕ್ಕೆ ಹುಟ್ಟಿದವರಿಗೆ ಒಂದು ಕಷ್ಟ ಇದೆ. ಯುಗಾದಿ ಆಚೀಚೆ ಎಲ್ಲೋ ಬಂದು, ಕೇಕಿನ ಜಾಗದಲ್ಲಿ ಒಬ್ಬಟ್ಟು ಕೂತುಬಿಡುತ್ತದೆ. 2020ರಲ್ಲಂತೂ ಎರಡೂ ಒಂದೇ ದಿನ ಬಿದ್ದವು. ಜೊತೆಗೆ ಮೂರನೆಯದೂ ಬಂತು: ಲಾಕ್‌ಡೌನ್.

ಆಫೀಸಿನವರು ವರ್ಕ್ ಫ್ರಮ್ ಹೋಮ್ ಎಂದಿದ್ದರಿಂದ 21ರ ಶನಿವಾರವೇ ಲ್ಯಾಪ್‌ಟಾಪ್ ಹೊತ್ತು ಸಾದಲಿಗೆ ಬಂದಿದ್ದೆ. ಶಿಡ್ಲಘಟ್ಟ ತಾಲ್ಲೂಕು, ಆಂಧ್ರದ ಗಡಿ ಹತ್ತಿರ; ಅರ್ಧ ಮಾತು ಕನ್ನಡ, ಅರ್ಧ ತೆಲುಗು. ಹಬ್ಬ ಮುಗಿಸಿ, ಹೊಸತೊಡಕಿನ ಬಾಡೂಟ ಉಂಡು ಬೆಂಗಳೂರಿಗೆ ವಾಪಸ್ ಅನ್ನೋದು ಪ್ಲ್ಯಾನ್. ಗೆಳತಿಯರು ಇಂದಿರಾನಗರದಲ್ಲಿ ಟೇಬಲ್ ಬುಕ್ ಮಾಡಿದ್ದರು. 22ಕ್ಕೆ ಜನತಾ ಕರ್ಫ್ಯೂ, ಚಪ್ಪಾಳೆ, ತಟ್ಟೆ. ಅಷ್ಟರಲ್ಲಿ ನಮ್ಮದೇ ಜಿಲ್ಲೆಯ ಗೌರಿಬಿದನೂರಿನಲ್ಲಿ ಕೊರೊನಾ ಸಿಕ್ಕಿದೆ ಎಂಬ ಸುದ್ದಿ. ಬಸ್ಸುಗಳು ನಿಂತವು.

24ರ ರಾತ್ರಿ ಎಂಟಕ್ಕೆ ಟಿವಿಯಲ್ಲಿ ಪ್ರಧಾನಿ 21 ದಿನ ಎಂದರು. ಗೆಳತಿಯರ ಗ್ರೂಪಿನಲ್ಲಿ ಅಳುವ ಇಮೋಜಿಗಳ ಸಾಲು. ಅಪ್ಪ ಮಾತ್ರ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು.

ಅದು ರೇಷ್ಮೆ ಲೆಕ್ಕ. ಹುಳ ನಾಲ್ಕು ಸಲ ಪೊರೆ ಬಿಡುತ್ತದೆ, ಅದಕ್ಕೆ ನಮ್ಮ ಕಡೆ ‘ಜ್ವರ’ ಅಂತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಹಗಲೂ ರಾತ್ರಿ ಸೊಪ್ಪು ತಿಂದು ಹಣ್ಣಾಗುತ್ತದೆ. ಹಣ್ಣು ಹುಳ ಆರಿಸಿ ಚಂದ್ರಿಕೆಗೆ ಬಿಟ್ಟರೆ ಎರಡು ಮೂರು ದಿನದಲ್ಲಿ ಗೂಡು ಕಟ್ಟುತ್ತದೆ. ಮಾರದೆ ಇಟ್ಟುಕೊಂಡರೆ ಎರಡು ವಾರದೊಳಗೆ ಚಿಟ್ಟೆ ಗೂಡು ತೂತು ಮಾಡಿ ಹೊರಗೆ ಬರುತ್ತದೆ. ತೂತು ಬಿದ್ದ ಗೂಡಿನಲ್ಲಿ ಎಳೆ ತುಂಡಾಗಿರುತ್ತದೆ, ರೀಲರ್‌ಗೆ ಬೇಡ. ಸರ್ಕಾರದ ಲೆಕ್ಕ 21 ದಿನ, ಹುಳದ ಲೆಕ್ಕ ಎರಡು ವಾರ.

“ರೇಪು ಮಾರ್ಕೆಟ್ ಉಂಟುಂದಾ?” ಪಕ್ಕದ ಮನೆಯವರು ಬಾಗಿಲಲ್ಲೇ ನಿಂತು ಕೇಳಿದರು. “ಏಮೋ” ಅಂದರು ಅಪ್ಪ.

ಬೆಳಿಗ್ಗೆ ಬೇವು-ಬೆಲ್ಲಕ್ಕೂ ಮುಂಚೆ ಹುಳದ ಮನೆಯಿಂದ ಅಪ್ಪನ ಕೂಗು: “ಹುಳ ಹಣ್ಣಾಗೈತೆ, ಬನ್ರೋ!” ಹುಳಗಳ ಮೈ ಹಳದಿಗೆ ತಿರುಗಿ, ತಲೆ ಎತ್ತಿ ಗೂಡು ಕಟ್ಟೋಕೆ ಜಾಗ ಹುಡುಕುತ್ತಿದ್ದವು. ಪ್ರತಿ ಬೆಳೆಗೂ ಬರುವ ಕೂಲಿ ಹೆಂಗಸರು ಪಕ್ಕದೂರಿನವರು. ಆ ಊರಿನ ದಾರಿಗೆ ಮುಳ್ಳು ಹಾಕಿದ್ದರು. ಹಾಗಾಗಿ ಅಮ್ಮ, ಅಜ್ಜಿ, ತಮ್ಮ, ನಾನು ಕೂತು ಆರಿಸತೊಡಗಿದೆವು.

ಮಧ್ಯದಲ್ಲಿ ವಿಡಿಯೋ ಕಾಲ್ ಬಂತು. ಆರು ಜನ ಆರು ಮನೆಯಿಂದ, ಒಬ್ಬರ ಹಿಂದೆ ಒಬ್ಬರು, ಹ್ಯಾಪಿ ಬರ್ತ್‌ಡೇ ಹಾಡಿದರು. ನನ್ನ ಅಂಗೈ ತುಂಬ ಹುಳ ನೋಡಿ ಒಬ್ಬಳು ಕಿರುಚಿದಳು. ಇನ್ನೊಬ್ಬಳು ಕೇಳಿದಳು, “ಕಚ್ಚಲ್ವೇನೇ?” ಕಳೆದ ಮದುವೆಯಲ್ಲಿ ಅವಳು ಉಟ್ಟ ಸೀರೆ ಇವುಗಳ ಬಾಯಿಂದಲೇ ಬಂದದ್ದು ಅಂದೆ.

ಚಂದ್ರಿಕೆ ತುಂಬುವ ಹೊತ್ತಿಗೆ ಸಂಜೆ ನಾಲ್ಕಾಗಿತ್ತು. ಅಮ್ಮ ತುಪ್ಪ ಹಾಕಿದ ಒಬ್ಬಟ್ಟು ತಂದರು. ತಮ್ಮ ಅದಕ್ಕೊಂದು ಊದುಬತ್ತಿ ಸಿಕ್ಕಿಸಿ ಹಚ್ಚಲು ಹೊರಟಿದ್ದೇ ತಡ, ಅಜ್ಜಿ ಗದರಿದರು: “ಹುಳದ ಮನೇಲಿ ಹೊಗೆನಾ? ಆಚೆ ಹೋಗ್ರೋ!” ಹುಳಕ್ಕೆ ಹೊಗೆ, ವಾಸನೆ ಎರಡೂ ಆಗಲ್ಲ. ಅಂಗಳಕ್ಕೆ ಬಂದು ಊದಿದೆ. ರಸ್ತೆಯಲ್ಲಿ ಒಂದು ಬೈಕೂ ಇರಲಿಲ್ಲ.

ಚಿಟ್ಟೆ ಬರುವ ಮೊದಲೇ ಗೂಡು ಮಾರಿದೆವು, ಹಿಂದಿನ ಬೆಳೆಯ ಅರ್ಧ ಬೆಲೆಗೆ. ಚಾಕಿ ಹುಳದ ಸಾಲ ತೀರಿತು, ಹೊರಗಿನಿಂದ ಕೊಂಡ ಸೊಪ್ಪಿನದು ಹಾಗೇ ಉಳಿಯಿತು. ನನ್ನ ಸಂಬಳ ಮಾತ್ರ ಎಂದಿನಂತೆ ತಿಂಗಳ ಕೊನೆಗೆ ಖಾತೆಗೆ ಬಿದ್ದಿತ್ತು. ಕೆಲಸಕ್ಕೆ ಸೇರಿದಾಗಿನಿಂದ ದುಡ್ಡು ಕೊಡಲು ಹೋದಾಗಲೆಲ್ಲ ಅಪ್ಪ “ನಿಂದು ನೀನಿಟ್ಕೋ ಪಾಪ” ಅನ್ನುತ್ತಿದ್ದರು. ಈ ಸಲ ಸೊಪ್ಪಿನ ಬಾಕಿ ನಾನು ಕಟ್ಟುತ್ತೇನೆ ಅಂದಾಗ ಸುಮ್ಮನೆ ತಲೆಯಾಡಿಸಿ, ಖಾಲಿ ಚಂದ್ರಿಕೆಗಳನ್ನು ಬಿಸಿಲಿಗೆ ಇಡಲು ಹೋದರು.