ಸ್ಥಾನಬಲ

ನೀರಿನಲ್ಲಿರುವ ಮೊಸಳೆಯು ಆನೆಯನ್ನೂ ಸೆಳೆಯಬಲ್ಲದು. ದಡಕ್ಕೆ ಬಂದರೆ ನಾಯಿಗೂ ಅಂಜುವುದು. ಸ್ಥಾನಬಲವನ್ನು ವಿವರಿಸುವಾಗ ನಾವು ವಿದ್ಯಾರ್ಥಿಗಳಿಗೆ ನೀತಿಗ್ರಂಥಗಳ ಈ ದೃಷ್ಟಾಂತವನ್ನೇ ಹೇಳುತ್ತಿದ್ದೆವು. ಇದಕ್ಕೆ ಕಾಲ್ಚೆಂಡಿನ ಆಟಕ್ಕಿಂತ ಉತ್ತಮವಾದ ಭಾಷ್ಯವು ಬೇರೊಂದಿಲ್ಲವೆಂದು ಈಗ ನಮಗೆ ತೋರುತ್ತದೆ.

ಸ್ವಂತ ಊರಿನಲ್ಲಿ ಆಡುವ ತಂಡಕ್ಕೆ ಗೆಲವು ಹೆಚ್ಚೆಂಬುದು ವೃತ್ತಿಯ ಆಟಗಾರರಲ್ಲಿ ಬಹುಕಾಲದಿಂದ ಕಂಡುಬಂದಿರುವ ಸಂಗತಿ. ಪ್ರೇಕ್ಷಕರ ಉತ್ಸಾಹ, ಎದುರಾಳಿಗಳ ಪ್ರಯಾಣದ ಆಯಾಸ, ನೆಲದ ಪರಿಚಯ, ಇವೆಲ್ಲವೂ ಅದಕ್ಕೆ ಕಾರಣಗಳು. ಆದರೆ ನೆಲವನ್ನೇ ಬದಲಾಯಿಸಿದರೆ?

1981ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ತಂಡದವರು ತಮ್ಮ ಅಂಗಣದ ಹುಲ್ಲನ್ನು ತೆಗೆದು ಕೃತಕವಾದ ಹಾಸನ್ನು ಹಾಸಿದರು. ಮುಂದೆ ಲ್ಯೂಟನ್, ಓಲ್ಡಮ್, ಪ್ರೆಸ್ಟನ್ ತಂಡಗಳೂ ಹಾಗೆಯೇ ಮಾಡಿದವು. ಮಳೆಯ ಕೆಸರು ತಪ್ಪಿತು. ವಾರವೆಲ್ಲ ಆಡಿದರೂ ನೆಲ ಸವೆಯಲಿಲ್ಲ. ಆದರೆ ಚೆಂಡು ಅತಿಯಾಗಿ ಪುಟಿಯುತ್ತಿತ್ತು. ಜಾರಿ ಬಿದ್ದವರ ಚರ್ಮ ಸುಲಿಯುತ್ತಿತ್ತು. ಅಲ್ಲಿಯೇ ಅಭ್ಯಾಸ ಮಾಡಿದವರಿಗೆ ಪುಟಿತದ ಅಳತೆ ಗೊತ್ತು. ಹೊರಗಿನಿಂದ ಬಂದವರಿಗೆ ಗೊತ್ತಿಲ್ಲ. ಇದು ಅನ್ಯಾಯವೆಂಬ ಕೂಗು ಎದ್ದಿತು. 1991ರಲ್ಲಿ ಓಲ್ಡಮ್ ತಂಡವು ಮೊದಲನೆಯ ಶ್ರೇಣಿಗೆ ಏರಿದಾಗ, ಹಾಸನ್ನು ಕಿತ್ತು ಮರಳಿ ಹುಲ್ಲನ್ನು ಬೆಳೆಸಬೇಕಾಯಿತು.

ಕೃತಕವಾದುದೆಲ್ಲ ಕಪಟವೆಂದು ಇದರಿಂದ ತಿಳಿಯಬಾರದು. ನಾರ್ವೆ ದೇಶದ ಬೋಡೋ ಪಟ್ಟಣವು ಉತ್ತರಧ್ರುವ ವೃತ್ತಕ್ಕೂ ಆಚೆಗಿದೆ. ಅಲ್ಲಿನ ದೀರ್ಘವಾದ ಚಳಿಗಾಲದಲ್ಲಿ ಹುಲ್ಲು ಬೆಳೆಯದು. ಕೃತಕವಾದ ಹಾಸು ಅವರಿಗೆ ಅವಶ್ಯಕ. ಇಂದಿನ ಹಾಸೂ ಹಿಂದಿನದಕ್ಕಿಂತ ಎಷ್ಟೋ ಮೃದುವಾದುದು. ಆದರೂ ಸ್ಥಾನಬಲವು ಅಳಿದಿಲ್ಲ. 2021ರಲ್ಲಿ ಆ ಪಟ್ಟಣದ ಬೋಡೋ-ಗ್ಲಿಮ್ಟ್ ತಂಡವು ಪ್ರಸಿದ್ಧವಾದ ರೋಮಾ ತಂಡವನ್ನು ತನ್ನ ನೆಲದಲ್ಲಿ 6-1ರಿಂದ ಸೋಲಿಸಿತು. ರೋಮ್ ನಗರದಲ್ಲಿ 2-2ರಿಂದ ಸಮವಾಯಿತು. 2022ರಲ್ಲಿ ಮತ್ತೆ ಎದುರಾದಾಗ ಬೋಡೋವಿನಲ್ಲಿ 2-1ರಿಂದ ಗೆದ್ದು, ರೋಮ್ ನಗರದಲ್ಲಿ 4-0ಯಿಂದ ಸೋತಿತು. ಗೆಲವಿಗೆ ಹಾಸೊಂದೇ ಕಾರಣವೆನ್ನಲಾಗದು. ಚಳಿಯೂ ಕೌಶಲವೂ ಅದರೊಡನೆ ಕೂಡಿದ್ದವು. ಆದರೂ ಮೊಸಳೆಯ ದೃಷ್ಟಾಂತವನ್ನು ನೆನೆಯದೆ ಇರುವುದು ಹೇಗೆ?

ಹಾಗಾದರೆ ನ್ಯಾಯವೆಲ್ಲಿದೆ? ನಾವು ಅಧ್ಯಾಪಕರಾಗಿದ್ದ ಶಾಲೆಯ ಬಯಲು ಒಂದು ಕಡೆಗೆ ಇಳಿಜಾರಾಗಿತ್ತು. ಆಟದ ನಡುವೆ ಪಕ್ಷಗಳು ದಿಕ್ಕನ್ನು ಬದಲಿಸುತ್ತಿದ್ದುದರಿಂದ ಇಳಿಜಾರು ಇಬ್ಬರಿಗೂ ಸಮ. ಆದರೆ ಚೆಂಡು ಯಾವ ಮೂಲೆಯಲ್ಲಿ ತಿರುಗುವುದೆಂಬ ಅರಿವು ನಮ್ಮ ಹುಡುಗರಿಗೆ ಮಾತ್ರವೇ ಇತ್ತು. ಆದುದರಿಂದ ಹೊರಗಿನ ಹುಡುಗರು ಬಂದ ದಿನ ಬೆಳಗ್ಗೆ ಒಂದು ಗಂಟೆಯ ಹೊತ್ತು ಬಯಲನ್ನು ಅವರಿಗೇ ಬಿಟ್ಟುಕೊಡುತ್ತಿದ್ದೆವು. ನಮ್ಮವರು ಗೊಣಗಿದರು, ಒಂದೆರಡು ಸಲ ಸೋತರು ಕೂಡ. ಆದರೂ ಆ ಪದ್ಧತಿಯನ್ನು ನಾವು ಬಿಡಲಿಲ್ಲ.

ನೆಲವು ಮನೆಯವರದು, ಅದರಲ್ಲಿ ದೋಷವಿಲ್ಲ. ನೆಲದ ಗುಟ್ಟನ್ನು ಅತಿಥಿಗೆ ಮರೆಮಾಡಿ ಗೆಲ್ಲುವುದು ಮಾತ್ರ ಗೃಹಸ್ಥಧರ್ಮಕ್ಕೆ ಒಪ್ಪುವುದಲ್ಲ. ಹೊಸದಾಗಿ ಮನೆಗೆ ಬಂದ ಸೊಸೆಯು ಉಪ್ಪಿನ ಭರಣಿಗಾಗಿ ತಡಕಾಡುವಾಗ ಅದಿರುವ ಸ್ಥಳವನ್ನು ತೋರಿಸದೆ, ಅವಳ ಅಡಿಗೆಯಲ್ಲಿ ತಪ್ಪನ್ನು ಹುಡುಕುವ ಹಿರಿಯರೂ ಈ ಮಾತನ್ನು ಸ್ವಲ್ಪ ಆಲೋಚಿಸಬಹುದು.