ಸಿಗರೇಟಿನ ಪೊಟ್ಟಣದಿಂದ ಕಲಾಭವನಕ್ಕೆ

ನ್ಯೂಯಾರ್ಕ್ ನಗರದ ಐದನೆಯ ಅವೆನ್ಯೂವಿನಲ್ಲಿ, ಸೆಂಟ್ರಲ್ ಪಾರ್ಕಿನ ಅಂಚಿಗೆ, ಮೆಟ್ರೊಪಾಲಿಟನ್ ಕಲಾಭವನವಿದೆ. ಈಜಿಪ್ಟಿನ ದೇವಾಲಯವೊಂದನ್ನೇ ಒಳಗೆ ನಿಲ್ಲಿಸಿಕೊಂಡಿರುವ ವಿಶಾಲ ಸೌಧ ಅದು. ಗ್ರೀಕರ ಅಮೃತಶಿಲೆಯನ್ನೂ ರೆಂಬ್ರಾಂಟನ ವರ್ಣಚಿತ್ರಗಳನ್ನೂ ನೋಡಿ ಕಾಲು ಸೋತಿದ್ದ ನನಗೆ ಅಮೆರಿಕನ್ ವಿಭಾಗದಲ್ಲಿ ಬೆರಳುದ್ದದ ಕೆಲವು ಬಣ್ಣದ ಚೀಟಿಗಳು ಕಂಡವು. ಬೇಸ್‌ಬಾಲ್ ಆಟಗಾರರ ಚಿತ್ರಗಳು! ರೆಂಬ್ರಾಂಟನ ಸೂರಿನಡಿ ಇವಕ್ಕೇನು ಕೆಲಸ ಎಂದು ಬೆರಗಾಯಿತು.

ಇವುಗಳ ಹುಟ್ಟು ಬಲು ಸಾಮಾನ್ಯವಾದದ್ದು. ಹಿಂದೆ ಸಿಗರೇಟಿನ ಪೊಟ್ಟಣ ತೆಳುಗಾಗದದ್ದು. ಒಳಗಿನ ಸರಕು ನಲುಗದಿರಲೆಂದು ಒಂದು ದಪ್ಪ ಕಾಗದದ ತುಂಡನ್ನು ಇಡುತ್ತಿದ್ದರು. 1880ರ ದಶಕದಲ್ಲಿ ಆ ತುಂಡಿನ ಮೇಲೆ ನಟಿಯರನ್ನೂ ಆಟಗಾರರನ್ನೂ ಅಚ್ಚು ಹಾಕಿದರು. ಚಿತ್ರದ ಆಸೆಗೆ ಗಿರಾಕಿ ಮತ್ತೆ ಬರುತ್ತಿದ್ದನು. ಮುಂದೆ ಮಿಠಾಯಿ, ಚ್ಯೂಯಿಂಗ್ ಗಮ್ ಮಾರುವವರೂ ಇದೇ ದಾರಿ ಹಿಡಿದರು.

ಹಾಗಾದರೆ ಬೇಸ್‌ಬಾಲ್ ಕಾರ್ಡ್ ಎಂದರೆ ಯಾವುದು? ಸಂಗ್ರಾಹಕರಲ್ಲಿ ಇದು ಮುಗಿಯದ ವಾದ. ಬ್ರೂಕ್ಲಿನ್ನಿನ ಅಟ್ಲಾಂಟಿಕ್ಸ್ ತಂಡದ 1865ರ ಒಂದು ಛಾಯಾಚಿತ್ರವಿದೆ. ರಟ್ಟಿಗೆ ಅಂಟಿಸಿದ ಅದನ್ನೇ ಮೊದಲ ಕಾರ್ಡೆಂದು ಕೆಲವರು ಹೇಳುತ್ತಾರೆ. ಯಾವ ಸರಕಿನೊಡನೆಯೂ ಬಾರದ, ಮಾಲಿಕೆಗೆ ಸೇರದ ಛಾಯಾಚಿತ್ರ ಹೇಗೆ ಕಾರ್ಡಾದೀತು ಎಂಬುದು ಉಳಿದವರ ಆಕ್ಷೇಪ. ಅಂಚೆಕಾರ್ಡಿನ ಮೇಲಿನ ಆಟಗಾರನ ಗತಿಯೇನು? ಮಿಠಾಯಿ ಡಬ್ಬಿಯಿಂದ ಕತ್ತರಿಸಿ ತೆಗೆದ ಚಿತ್ರದ್ದೇನು?

ಈ ಗೋಜಲಿಗೆ ಒಂದು ಕ್ರಮ ತಂದವರು ಸಿರಾಕ್ಯೂಸ್ ಪಟ್ಟಣದ ಜೆಫರ್ಸನ್ ಬರ್ಡಿಕ್. ಅವರು ಸಿರಿವಂತರಲ್ಲ, ಕಾರ್ಖಾನೆಯೊಂದರಲ್ಲಿ ವಿದ್ಯುತ್ ಉಪಕರಣಗಳ ಭಾಗಗಳನ್ನು ಜೋಡಿಸುತ್ತಿದ್ದವರು. 1939ರಲ್ಲಿ ಅವರು ಹೊರತಂದ ಪಟ್ಟಿಯಲ್ಲಿ ಕಾರ್ಡು ಯಾವ ಸರಕಿನೊಡನೆ, ಯಾವ ಕಾಲದಲ್ಲಿ ಬಂತೆಂಬುದೇ ವಿಂಗಡಣೆಗೆ ಆಧಾರ. ಹತ್ತೊಂಬತ್ತನೆಯ ಶತಮಾನದ ತಂಬಾಕಿಗೆ ‘ಎನ್’, ಇಪ್ಪತ್ತನೆಯದಕ್ಕೆ ‘ಟಿ’, ಹಳೆಯ ಮಿಠಾಯಿಗೆ ‘ಇ’. ಅಂಚೆಕಾರ್ಡುಗಳಿಗೂ ಅಲ್ಲಿ ಎಡೆ ದೊರೆಯಿತು. ಇಂದಿಗೂ ಸಂಗ್ರಾಹಕರು ಅವರಿಟ್ಟ ಸಂಖ್ಯೆಯನ್ನೇ ಬಳಸುತ್ತಾರೆ.

1947ರಿಂದ ಅವರು ತಮ್ಮ ಸಂಗ್ರಹವನ್ನು ಈ ಕಲಾಭವನಕ್ಕೆ ದಾನವಾಗಿ ಕೊಡತೊಡಗಿದರು. ಒಟ್ಟು ಮೂರು ಲಕ್ಷಕ್ಕೂ ಮಿಕ್ಕ ಚೀಟಿಗಳು. ಅವುಗಳಲ್ಲಿ ಬೇಸ್‌ಬಾಲಿನವೇ 30,000ಕ್ಕೂ ಹೆಚ್ಚು. ಕೀಲುಬೇನೆಯಿಂದ ಸೊಟ್ಟಗಾದ ಬೆರಳುಗಳಿಂದ, ವರ್ಷಗಟ್ಟಲೆ ಇಲ್ಲಿಯೇ ಕುಳಿತು, ಅವನ್ನು ಆಲ್ಬಮ್ಮುಗಳಿಗೆ ಅಂಟಿಸಿದರು. 1963ರ ಜನವರಿಯಲ್ಲಿ ಕೆಲಸ ಮುಗಿಯಿತು. ಮಾರ್ಚಿಯಲ್ಲಿ ಅವರೂ ತೀರಿಕೊಂಡರು.

ಅವರು ‘ಟಿ 206’ ಎಂದು ಹೆಸರಿಸಿದ ಮಾಲಿಕೆಯಲ್ಲಿ ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಕಾರ್ಡು ಅತಿ ವಿರಳವಾದದ್ದು. 2022ರಲ್ಲಿ ಅಂಥದೊಂದು 72.5 ಲಕ್ಷ ಡಾಲರಿಗೆ ಮಾರಾಟವಾಯಿತು. ಬರ್ಡಿಕ್ ಸಂಗ್ರಹದಲ್ಲಿಯೂ ಒಂದುಂಟು. ಅಂಟು ತಗುಲಿದ ಕಾರ್ಡಿಗೆ ಬೆಲೆ ಕುಗ್ಗುವುದೆಂದು ವ್ಯಾಪಾರಿಗಳು ಮರುಗಬಹುದು. ಅವರು ಅಂಟಿಸಿದ್ದು ಮಾರುವುದಕ್ಕಲ್ಲ, ಚೆದುರದೆ ಒಂದೆಡೆ ಉಳಿಯಲೆಂದು.

ಬಾಲ್ಯದಲ್ಲಿ ನಾನೂ ಬೆಂಕಿಪೊಟ್ಟಣದ ಚಿತ್ರಗಳನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಟ್ಟಿದ್ದೆನು. ಒಂದು ದೀಪಾವಳಿಯ ಮುಂಜಾನೆ ಅಜ್ಜಿ ಅವುಗಳಿಂದಲೇ ಹಂಡೆಯ ಒಲೆ ಹೊತ್ತಿಸಿದರು. ಕಸವೆಂದು ತಿಳಿದ ಅವರದು ತಪ್ಪೆನ್ನಲಾರೆ. ಚಿತ್ರಗಳನ್ನು ಒಪ್ಪವಾಗಿ ಜೋಡಿಸಿ, ಇವು ಇಂಥವೆಂದು ನಾನು ಯಾರಿಗೂ ಹೇಳಿರಲಿಲ್ಲ. ಐದನೆಯ ಅವೆನ್ಯೂವಿನ ಮೆಟ್ಟಿಲಿಳಿಯುವಾಗ ನೆನಪಾದದ್ದು ಆ ಡಬ್ಬಿ.