‘ರೀಕ್’ ಕಲಿಸಿದ ಎಡಿನ್‌ಬರೋ

ಆಫೀಸಿನ ಪ್ರಾಜೆಕ್ಟ್‌ಗೆಂದು ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಬಂದು ಎರಡು ವಾರ ಆಗಿತ್ತು. ಶನಿವಾರ ಬೇಳೆ ಬೇಯಿಸಿ, ಅಮ್ಮ ಕಟ್ಟಿಕೊಟ್ಟ ಸಾರಿನ ಪುಡಿ ಹಾಕಿ, ಇಂಗಿನ ಒಗ್ಗರಣೆ ಕೊಟ್ಟೆ. ಪಕ್ಕದ ರೂಮಿನ ಹುಡುಗ ಬಾಗಿಲು ತೆಗೆದವನೇ ‘ದಿಸ್ ಪ್ಲೇಸ್ ರೀಕ್ಸ್’ ಅಂದ. ಘಮಘಮ ಅಂತಿದೆ ಅಂದನೇನೋ ಅಂದುಕೊಂಡು ನಾನು ‘ಥ್ಯಾಂಕ್ಸ್’ ಅಂದುಬಿಟ್ಟೆ!

ಮೊಬೈಲಿನಲ್ಲಿ ಅರ್ಥ ನೋಡಿದೆ. ರೀಕ್ ಅಂದ್ರೆ ಗಬ್ಬು ನಾರುವುದು. ಕಿಟಕಿಗಳನ್ನೆಲ್ಲ ತೆರೆದೆ. ಆಫೀಸಿಗೆ ಹಾಕುವ ಜಾಕೆಟ್ ಮೂಸಿ ನೋಡಿದೆ. ಆಮೇಲೆ ಮೂರು ವಾರ ಬರೀ ಬ್ರೆಡ್ಡು, ಜಾಮ್. ಫೋನಿನಲ್ಲಿ ಅಮ್ಮ ‘ಸಾರು ಮಾಡ್ಕೊಂಡ್ಯಾ?’ ಅಂದರೆ ‘ಹ್ಞೂಂ’ ಅಂತಿದ್ದೆ.

ಒಂದು ಭಾನುವಾರ ಓಲ್ಡ್ ಟೌನ್ ನೋಡಲು ಹೊರಟೆ. ಕೋಟೆಯಿಂದ ಹೋಲಿರೂಡ್ ಅರಮನೆವರೆಗೆ ಇಳಿಯುವ ರಾಯಲ್ ಮೈಲ್ ರಸ್ತೆಯ ಎರಡೂ ಬದಿ ‘ಕ್ಲೋಸ್’ ಎಂಬ ಇಕ್ಕಟ್ಟಾದ ಓಣಿಗಳು. ಹಿಂದೆ ಎತ್ತರದ ಮನೆಗಳಿಂದ ‘ಗಾರ್ಡಿಲೂ’ ಎಂದು ಕೂಗಿ ಹೊಲಸನ್ನು ಇಲ್ಲಿಗೇ ಸುರಿಯುತ್ತಿದ್ದರಂತೆ. ಕೋಟೆಯ ಕೆಳಗೆ ನಾರ್ ಲಾಕ್ ಎಂಬ ಕೆರೆಯಿತ್ತು. ಊರ ಕೊಳಚೆಯೆಲ್ಲ ಅದಕ್ಕೆ. 1759ರಲ್ಲಿ ಅದನ್ನು ಬತ್ತಿಸಲು ಶುರು ಮಾಡಿದರು. ಈಗ ಅಲ್ಲಿ ಪ್ರಿನ್ಸೆಸ್ ಸ್ಟ್ರೀಟ್ ಗಾರ್ಡನ್ಸ್. ಜನ ಹುಲ್ಲಿನ ಮೇಲೆ ಕೂತು ಸ್ಯಾಂಡ್‌ವಿಚ್ ತಿನ್ನುತ್ತಾರೆ.

ಗೈಡ್ ಹೆಮ್ಮೆಯಿಂದ ಹೇಳಿದಳು: ಈ ಊರಿನ ಅಡ್ಡಹೆಸರೇ ‘ಆಲ್ಡ್ ರೀಕಿ’! ನನ್ನ ಕಿವಿ ನೆಟ್ಟಗಾಯ್ತು. ಸ್ಕಾಟ್ಸ್ ಭಾಷೆಯಲ್ಲಿ ರೀಕ್ ಅಂದರೆ ಹೊಗೆ. ಮನೆಮನೆಯ ಒಲೆಗಳ ಹೊಗೆ ಊರ ಮೇಲೆ ಕವಿದಿರುತ್ತಿದ್ದ ಕಾಲದ ಹೆಸರದು. ಹಳೆಯ ಇಂಗ್ಲಿಷಿನಲ್ಲೂ ಆ ಪದಕ್ಕೆ ಹೊಗೆಯಾಡು ಅಂತಲೇ ಅರ್ಥ. ಕೆಟ್ಟ ನಾತ ಅಂಟಿಕೊಂಡದ್ದು ಆಮೇಲೆ.

ನಮ್ಮಲ್ಲೂ ಹಾಗೇ ಅಲ್ವಾ? ಹಳಗನ್ನಡದಲ್ಲಿ ‘ನಾರು’ ಕ್ರಿಯಾಪದ ಸುವಾಸನೆಗೂ ಸಲ್ಲುತ್ತಿತ್ತು. ಈಗ ‘ವಾಸನೆ ಬರ್ತಿದೆ’ ಅಂದರೂ ಸಾಕು, ಮೂಗು ಮುಚ್ಚಿಕೊಳ್ತೀವಿ. ಪದ ಅದೇ, ಮೂಗು ಯಾರದ್ದು ಅನ್ನೋದೇ ಪ್ರಶ್ನೆ. ಮೂರು ವಾರ ನಾನು ಅವನ ಮೂಗಿನಿಂದ ಅಮ್ಮನ ಸಾರನ್ನು ಮೂಸುತ್ತಿದ್ದೆ!

ಆ ರಾತ್ರಿ ಮತ್ತೆ ಒಗ್ಗರಣೆ ಹಾಕಿದೆ. ಅಡುಗೆಮನೆ ಬಾಗಿಲು ಮುಚ್ಚಿ, ಎಕ್ಸಾಸ್ಟ್ ಫ್ಯಾನ್ ಆನ್ ಮಾಡಿಯೇ. ಅಷ್ಟು ಮರ್ಯಾದೆ ನಮಗೂ ಇರಬೇಕಲ್ಲ. ಪಕ್ಕದ ರೂಮಿನವನು ಬಂದ, ಏನೂ ಹೇಳದೆ ಕಿಟಕಿ ತೆರೆದು ಹೋದ. ನಾನು ಬಿಸಿ ಅನ್ನಕ್ಕೆ ಸಾರು ಹಾಕಿಕೊಂಡು ಅಮ್ಮನಿಗೆ ಫೋಟೋ ಕಳಿಸಿದೆ.

ಫಾರಿನ್‌ಗೆ ಹೊರಟಿದ್ದೀರಾ? ಇಂಗಿನ ಡಬ್ಬಿ ಮರೀಬೇಡಿ.